ಬಿದಿಗೆಯ ಚಂದ್ರನ ಆಕಾರದ ಬಿಸ್ಕತ್ತು

ಆಸ್ಟ್ರಿಯ ದೇಶದಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ಬರುವ ನಾಲ್ಕು ಭಾನುವಾರಗಳ ಅವಧಿಗೆ ‘ಆಡ್ವೆಂಟ್’ ಎಂದು ಹೆಸರು. ಚಳಿ ಕೊರೆಯುವ ಆ ದಿನಗಳಲ್ಲಿ ವಿಯೆನ್ನ ನಗರದ ಮನೆಗಳಿಂದ ಬೆಣ್ಣೆ, ಅಕ್ರೋಟು ಮತ್ತು ವೆನಿಲ್ಲಾಗಳ ಕೂಡುಪರಿಮಳ ಬೀದಿಗೂ ಹರಿಯುತ್ತದೆ. ಹಬ್ಬಕ್ಕೆಂದು ತಯಾರಿಸಿ ತಗಡಿನ ಡಬ್ಬಿಗಳಲ್ಲಿ ತುಂಬಿಡುವ ಹಲವು ಬಗೆಯ ಬಿಸ್ಕತ್ತುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ವನಿಲೆಕಿಪ್ಫರ್ಲ್’. ಬಿದಿಗೆಯ ಚಂದ್ರನಂತೆ ಬಾಗಿರುವ ಈ ಬಿಸ್ಕತ್ತು ಮೇಲೆ ಸಕ್ಕರೆಯ ಪುಡಿಯನ್ನು ಹೊದ್ದಿರುತ್ತದೆ. ನಾಲಗೆಯ ಮೇಲಿಟ್ಟರೆ ಹಲ್ಲಿಗೆ ಕೆಲಸವನ್ನೇ ಕೊಡದೆ ಪುಡಿಯಾಗಿ ಕರಗಿಹೋಗುತ್ತದೆ.

1683ರಲ್ಲಿ ತುರ್ಕರು ವಿಯೆನ್ನಕ್ಕೆ ಮುತ್ತಿಗೆ ಹಾಕಿ ಸೋತರೆಂದೂ, ಅವರ ಧ್ವಜದ ಅರ್ಧಚಂದ್ರವನ್ನು ಅಣಕಿಸಲು ಅಲ್ಲಿಯ ರೊಟ್ಟಿಗಾರರು ಈ ಆಕಾರವನ್ನು ಕಲ್ಪಿಸಿದರೆಂದೂ ಒಂದು ಕಥೆಯುಂಟು. ಮುತ್ತಿಗೆಯು ಚರಿತ್ರೆ, ರೊಟ್ಟಿಯ ಕಥೆ ಮಾತ್ರ ಕಟ್ಟುಕಥೆ. ‘ಕಿಪ್ಫರ್ಲ್’ ಎಂಬ ಬಾಗಿದ ರೊಟ್ಟಿಯು ಆ ಯುದ್ಧಕ್ಕೆ ಕೆಲವು ಶತಮಾನಗಳ ಹಿಂದೆಯೇ ವಿಯೆನ್ನದಲ್ಲಿ ಪರಿಚಿತವಾಗಿತ್ತು.

ಈ ಬಿಸ್ಕತ್ತನ್ನು ಮಾಡುವುದು ನೋಡಲು ಸುಲಭ. ಆದರೆ ಮೊದಲ ಬಾರಿ ಮಾಡುವವರು ಮೂರು ವಿಧದಲ್ಲಿ ಸೋಲುವುದುಂಟು. ಓವನ್ನಿನಲ್ಲಿ ಚಂದ್ರನು ಕರಗಿ ಹರಡಿ ಚಪ್ಪಟೆಯಾಗಬಹುದು. ಬೆಂದ ಬಿಸ್ಕತ್ತು ಕಲ್ಲಿನಂತೆ ಗಟ್ಟಿಯಾಗಬಹುದು. ಅಥವಾ ಎತ್ತುವಾಗಲೇ ಮುರಿದುಹೋಗಬಹುದು. ಅನುಭವಸ್ಥ ಗೃಹಿಣಿಯರು ಇವನ್ನು ತಪ್ಪಿಸಲು ಕೆಲವು ನಿಯಮಗಳನ್ನು ಪಾಲಿಸುತ್ತಾರೆ. ಆ ನಿಯಮಗಳ ಹಿಂದಿರುವ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಅಳತೆ ಮತ್ತು ಲೆಕ್ಕ

ಸಾಮಾನ್ಯವಾಗಿ ಬಳಸುವ ಒಂದು ಅಳತೆ ಹೀಗಿದೆ: ಮೈದಾ ಹಿಟ್ಟು 280 ಗ್ರಾಂ, ಬೆಣ್ಣೆ 200 ಗ್ರಾಂ, ನುಣ್ಣಗೆ ಪುಡಿ ಮಾಡಿದ ಅಕ್ರೋಟು ಅಥವಾ ಬಾದಾಮಿ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ. ನೀರನ್ನು ಹಾಕುವುದಿಲ್ಲ, ಉಬ್ಬಿಸುವ ಸೋಡಾ ಪುಡಿಯೂ ಬೇಡ.

ಈಗ ಲೆಕ್ಕ ಹಾಕಿ. ಬೆಣ್ಣೆಯಲ್ಲಿ ಶೇಕಡ ಸುಮಾರು 80ರಷ್ಟು ಜಿಡ್ಡು, 16ರಷ್ಟು ನೀರು. ಅಕ್ರೋಟಿನಲ್ಲಿ ಶೇಕಡ 65ರಷ್ಟು ಎಣ್ಣೆ. ಆದುದರಿಂದ 660 ಗ್ರಾಂ ತೂಕದ ಈ ಕಣಕದಲ್ಲಿ ಜಿಡ್ಡಿನ ಪಾಲು ಸುಮಾರು 225 ಗ್ರಾಂ, ಅಂದರೆ ಮೂರನೆಯ ಒಂದು ಭಾಗಕ್ಕಿಂತಲೂ ಸ್ವಲ್ಪ ಹೆಚ್ಚು. ಬೆಣ್ಣೆಯಿಂದ ಬರುವ ನೀರಾದರೋ 32 ಗ್ರಾಂ ಮಾತ್ರ. ಇಷ್ಟೇ ಹಿಟ್ಟಿನಿಂದ ಬ್ರೆಡ್ ಮಾಡುವುದಾದರೆ 160 ಗ್ರಾಂಗೂ ಹೆಚ್ಚು ನೀರು ಬೇಕಾಗುತ್ತದೆ. ಜಿಡ್ಡು ಹೆಚ್ಚು, ನೀರು ಕಡಿಮೆ: ಈ ಬಿಸ್ಕತ್ತಿನ ಗುಟ್ಟೆಲ್ಲವೂ ಈ ನಾಲ್ಕು ಮಾತುಗಳಲ್ಲಿ ಅಡಗಿದೆ.

ಅಂಟಿನ ಬಲೆ

ಗೋಧಿಯಲ್ಲಿ ಗ್ಲಯಾಡಿನ್ ಮತ್ತು ಗ್ಲೂಟೆನಿನ್ ಎಂಬ ಎರಡು ಬಗೆಯ ಸಸಾರಜನಕಗಳಿವೆ. ನೀರು ತಗುಲಿ, ಕೈ ನಾದಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ‘ಗ್ಲೂಟೆನ್’ ಎಂಬ ಅಂಟಿನ ಬಲೆಯಾಗುತ್ತವೆ. ಕಣಕವು ರಬ್ಬರಿನಂತೆ ಹಿಗ್ಗುವುದು ಈ ಬಲೆಯಿಂದಲೇ. ಇಟಲಿಯ ಬೊಲೋನ್ಯ ನಗರದ ವಿದ್ವಾಂಸ ಬೆಕ್ಕಾರಿ ಎಂಬಾತನು ಹಿಟ್ಟಿನಿಂದ ಇದನ್ನು ಬೇರ್ಪಡಿಸಿದ ಬಗೆಯು 1745ರಲ್ಲಿ ಪ್ರಕಟವಾಯಿತು.

ಆ ಪ್ರಯೋಗವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ಹಿಡಿ ಮೈದಾ ಹಿಟ್ಟಿಗೆ ನೀರು ಹಾಕಿ ಚೆನ್ನಾಗಿ ನಾದಿ, ಅರ್ಧ ಗಂಟೆ ಬಿಟ್ಟು, ಆ ಉಂಡೆಯನ್ನು ನೀರಿನ ಬಟ್ಟಲಿನೊಳಗೆ ಮೆಲ್ಲನೆ ಹಿಸುಕಿರಿ. ಪಿಷ್ಟವು ಹಾಲಿನಂತೆ ಬಿಳಿಯಾಗಿ ತೊಳೆದುಹೋಗುತ್ತದೆ. ಕೈಯಲ್ಲಿ ಎಳೆದರೆ ಹಿಗ್ಗುವ ಜಿಗುಟು ಮುದ್ದೆ ಉಳಿಯುತ್ತದೆ. ಅದೇ ಗ್ಲೂಟೆನ್. ಇನ್ನೊಂದು ಹಿಡಿ ಹಿಟ್ಟಿಗೆ ಮೊದಲು ಬೆಣ್ಣೆಯನ್ನು ಚೆನ್ನಾಗಿ ತಿಕ್ಕಿ, ಅನಂತರ ಸ್ವಲ್ಪವೇ ನೀರು ಚಿಮುಕಿಸಿ ಉಂಡೆ ಕಟ್ಟಿ ಹಿಗ್ಗಿಸಲು ಯತ್ನಿಸಿರಿ. ಅದು ಹಿಗ್ಗದೆ ತುಂಡಾಗುತ್ತದೆ. ಹಿಟ್ಟಿನ ಕಣಗಳ ಸುತ್ತ ಜಿಡ್ಡಿನ ಪೊರೆ ಕಟ್ಟಿಕೊಂಡಿರುವುದರಿಂದ ನೀರು ಸಸಾರಜನಕವನ್ನು ಸುಲಭವಾಗಿ ಮುಟ್ಟಲಾರದು, ಬಲೆಯೂ ಹೆಣೆಯಲ್ಪಡದು.

ವನಿಲೆಕಿಪ್ಫರ್ಲ್‌ನಲ್ಲಿ ನಡೆಯುವುದು ಇದೇ. ಮೇಲಾಗಿ ಅಕ್ರೋಟಿನ ಪುಡಿಯಲ್ಲಿ ಗ್ಲೂಟೆನ್ ಇಲ್ಲವೇ ಇಲ್ಲ. ಅದರ ಕಣಗಳು ನಡುನಡುವೆ ಕುಳಿತು ಇರುವ ಅಲ್ಪ ಬಲೆಯನ್ನೂ ಕತ್ತರಿಸುತ್ತವೆ. ನೀರು ಸಾಲದೆ ಪಿಷ್ಟದ ಕಣಗಳು ಕೂಡ ಅನ್ನದಂತೆ ಪೂರ್ತಿಯಾಗಿ ಅರಳುವುದಿಲ್ಲ. ಬಾಯಲ್ಲಿ ಬಿಸ್ಕತ್ತು ಪುಡಿಯಾಗುವುದಕ್ಕೆ ಇದೇ ಕಾರಣ. ‘ಹೆಚ್ಚು ನಾದಬೇಡ’ ಎಂಬ ಮೊದಲನೆಯ ನಿಯಮದ ಅರ್ಥ ಈಗ ಸ್ಪಷ್ಟವಾಯಿತು. ನಾದಿದಷ್ಟೂ ಬಲೆ ಬಲಿತು ಬಿಸ್ಕತ್ತು ಗಟ್ಟಿಯಾಗುತ್ತದೆ.

ಬೆಣ್ಣೆಗೆ ತಂಪು ಬೇಕು

ಎರಡನೆಯ ನಿಯಮ: ಕಣಕವನ್ನು ಒಂದು ಗಂಟೆಯಾದರೂ ತಂಪಿನಲ್ಲಿಡಬೇಕು. ಬೆಣ್ಣೆಯು ಹಲವು ಜಿಡ್ಡುಗಳ ಮಿಶ್ರಣ. ತಂಪಿನಲ್ಲಿ ಅದರ ಬಹುಭಾಗ ಹರಳುಗಟ್ಟಿರುತ್ತದೆ. ಬಿಸಿಯೇರಿದಂತೆ ಸ್ವಲ್ಪ ಸ್ವಲ್ಪವಾಗಿ ಮೆತ್ತಗಾಗಿ, 35 ಡಿಗ್ರಿ ಸೆಲ್ಸಿಯಸ್ಸಿನ ಹೊತ್ತಿಗೆ ಪೂರ್ಣ ದ್ರವವಾಗುತ್ತದೆ. ಕೈಯ ಬಿಸಿಯೇ ಅದನ್ನು ಕರಗಿಸಲು ಸಾಕು. ಮೆತ್ತಗಾದ ಕಣಕವನ್ನು ಓವನ್ನಿಗಿಟ್ಟರೆ ಆಕಾರ ನಿಲ್ಲುವ ಮೊದಲೇ ಬೆಣ್ಣೆ ಹರಿದು ಚಂದ್ರನು ಚಪ್ಪಟೆಯಾಗುತ್ತಾನೆ. ತಂಪಾದ ಕಣಕದಲ್ಲಿ ಹರಳುಗಳು ಕರಗಲು ಸಮಯ ಬೇಕು; ಅಷ್ಟರಲ್ಲಿ ಹೊರಮೈ ಒಣಗಿ ನಿಲುವನ್ನು ಪಡೆಯುತ್ತದೆ. ವಿಯೆನ್ನದ ಡಿಸೆಂಬರ್ ಚಳಿಯು ಈ ಕೆಲಸಕ್ಕೆ ಸಹಜವಾಗಿಯೇ ಅನುಕೂಲ. ನಮ್ಮ ಕರಾವಳಿಯ ಸೆಕೆಯಲ್ಲಿ ಮಾಡುವವರು ಬಾಗಿಸಿದ ತುಂಡುಗಳನ್ನು ಮತ್ತೊಮ್ಮೆ ಶೀತಕದಲ್ಲಿಟ್ಟು ಅನಂತರ ಬೇಯಿಸುವುದು ಮೇಲು.

ಅಕ್ರೋಟಿನ ಎಣ್ಣೆ ಮತ್ತು ಗಾಳಿ

ಅಕ್ರೋಟನ್ನು ಆಗಿಂದಾಗ್ಗೆ ಪುಡಿ ಮಾಡಬೇಕೆಂಬುದು ಮೂರನೆಯ ನಿಯಮ. ಅದರ ಎಣ್ಣೆಯಲ್ಲಿ ಲಿನೋಲೆಯಿಕ್ ಮತ್ತು ಲಿನೋಲೆನಿಕ್ ಎಂಬ ಆಮ್ಲಗಳು ಹೇರಳವಾಗಿವೆ. ಇವುಗಳ ಅಣುಗಳಲ್ಲಿ ಒಂದಕ್ಕಿಂತ ಹೆಚ್ಚು ದ್ವಿಬಂಧಗಳಿರುವುದರಿಂದ ಗಾಳಿಯ ಆಮ್ಲಜನಕವು ಸುಲಭವಾಗಿ ಇವನ್ನು ಹಿಡಿಯುತ್ತದೆ. ಎಣ್ಣೆ ಕಮಟು ವಾಸನೆಗೆ ತಿರುಗುತ್ತದೆ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಬದಿಯ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್ ಆಗುವುದು. ಗಾಳಿಗೆ ತೆರೆದ ಬಾಗಿಲು ಹತ್ತರಷ್ಟಾಯಿತು. ಕಮಟು ಹಿಡಿದ ಒಂದು ಹಿಡಿ ಪುಡಿ ಇಡೀ ಹಬ್ಬದ ತಿಂಡಿಯನ್ನು ಕೆಡಿಸಬಲ್ಲದು. ಆದುದರಿಂದ ಬೀಜವನ್ನು ಬಾಯಿಗೆ ಹಾಕಿ ನೋಡಿದ ಮೇಲೆಯೇ ಪುಡಿ ಮಾಡಬೇಕು.

ಬಣ್ಣದ ಎಲ್ಲೆ

ಸುಮಾರು 175 ಡಿಗ್ರಿ ಬಿಸಿಯಲ್ಲಿ 10ರಿಂದ 12 ನಿಮಿಷ ಬೇಯಿಸಿ, ಅಂಚು ತಿಳಿಹೊಂಬಣ್ಣಕ್ಕೆ ತಿರುಗುತ್ತಲೇ ತೆಗೆಯಬೇಕು. ಈ ಬಣ್ಣ, ಈ ಪರಿಮಳ ಎಲ್ಲಿಂದ ಬಂದವು? 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಲಾರ್ಡ್ ಎಂಬಾತನು ಅಮೈನೋ ಆಮ್ಲಗಳನ್ನು ಕೆಲವು ಸಕ್ಕರೆಗಳೊಡನೆ ಕಾಯಿಸಿದಾಗ ಕಂದುಬಣ್ಣದ ವಸ್ತುಗಳು ಹುಟ್ಟುವುದನ್ನು ವರದಿ ಮಾಡಿದನು. ಹಿಟ್ಟು, ಬೀಜಗಳ ಸಸಾರಜನಕವೂ ಬೆಣ್ಣೆಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಹಾಲುಸಕ್ಕರೆಯೂ ಇಲ್ಲಿ ಆ ಕ್ರಿಯೆಗೆ ಒದಗುತ್ತವೆ.

ನೀರಿರುವವರೆಗೆ ಪದಾರ್ಥದ ಬಿಸಿ 100 ಡಿಗ್ರಿಯನ್ನು ಹೆಚ್ಚಾಗಿ ಮೀರದು. ಇದರಲ್ಲಿ ನೀರೇ ಕಡಿಮೆಯಾದುದರಿಂದ ಬಣ್ಣವು ಬೇಗನೆ ಏರುತ್ತದೆ. ಚಂದ್ರನ ಚೂಪಾದ ಕೊಂಬುಗಳು ನಡುಭಾಗಕ್ಕಿಂತ ಮೊದಲು ಕಪ್ಪಾಗುತ್ತವೆ. ತುದಿಗಳನ್ನು ಅತಿ ತೆಳುವಾಗಿ ಮಾಡಬಾರದೆನ್ನುವುದು ಇದಕ್ಕಾಗಿಯೇ.

ಬಣ್ಣಕ್ಕೆ ಎಲ್ಲೆ ಹಾಕಲು ಇನ್ನೊಂದು ಕಾರಣವೂ ಇದೆ. ಆಸ್ಪರಜಿನ್ ಎಂಬ ಅಮೈನೋ ಆಮ್ಲವು ಇದೇ ಸಕ್ಕರೆಗಳೊಡನೆ ಸುಮಾರು 120 ಡಿಗ್ರಿ ಮೀರಿ ಕಾದಾಗ ಅಕ್ರಿಲಮೈಡ್ ಎಂಬ ವಸ್ತುವೂ ಉಂಟಾಗುತ್ತದೆ. ಕಾಯಿಸಿದ ಆಹಾರದಲ್ಲಿ ಈ ವಸ್ತುವಿದೆಯೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ಶೋಧನೆಯಿಂದ ಜಗತ್ತು ಎಚ್ಚೆತ್ತಿತು. ಹೆಚ್ಚು ಪ್ರಮಾಣದಲ್ಲಿ ಅದು ಪ್ರಯೋಗದ ಪ್ರಾಣಿಗಳಲ್ಲಿ ಕ್ಯಾನ್ಸರನ್ನು ತಂದಿದೆ. ಆಹಾರದ ಮೂಲಕ ಮನುಷ್ಯರಿಗಾಗುವ ಹಾನಿಯ ಪ್ರಮಾಣವು ಇನ್ನೂ ನಿಶ್ಚಿತವಾಗಿಲ್ಲ. ಬಿಸ್ಕತ್ತು ಮೊದಲಾದವುಗಳಲ್ಲಿ ಇದನ್ನು ತಗ್ಗಿಸಲು ಯೂರೋಪಿಯನ್ ಒಕ್ಕೂಟವು 2018ರಿಂದ ತಯಾರಕರಿಗೆ ನಿಯಮಗಳನ್ನು ವಿಧಿಸಿದೆ. ಬಣ್ಣ ಕಪ್ಪಾದಷ್ಟೂ ಈ ವಸ್ತು ಹೆಚ್ಚು. ತಿಳಿಹೊಂಬಣ್ಣದಲ್ಲಿಯೇ ನಿಲ್ಲಿಸುವ ಹಳೆಯ ಪದ್ಧತಿಯು ರುಚಿಗಾಗಿ ಹುಟ್ಟಿದುದಾದರೂ ಆರೋಗ್ಯಕ್ಕೂ ಹಿತವಾಯಿತು.

ಕೊನೆಯಲ್ಲಿ ವೆನಿಲ್ಲಾ

ವೆನಿಲ್ಲಾ ಮೆಕ್ಸಿಕೋ ಕಡೆಯ ಒಂದು ಆರ್ಕಿಡ್ ಬಳ್ಳಿಯ ಕಾಯಿ. ಇದರ ಹೂವಿಗೆ ಕೈಯಿಂದಲೇ ಪರಾಗವನ್ನು ಮುಟ್ಟಿಸುವ ಸುಲಭ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ. ನಮ್ಮ ಮಲೆನಾಡು, ದಕ್ಷಿಣ ಕನ್ನಡಗಳ ಕೃಷಿಕರೂ 2000ದ ಆಸುಪಾಸಿನಲ್ಲಿ ಈ ಬಳ್ಳಿಯನ್ನು ಬೆಳೆಸಿ, ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಇದೇ ಕೆಲಸವನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ನಷ್ಟವನ್ನೂ ಉಂಡರು. ಕಾಯಿಯ ಪರಿಮಳದ ಮುಖ್ಯಾಂಶವಾದ ವೆನಿಲಿನ್ನನ್ನು 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬವರು ಕೃತಕವಾಗಿ ತಯಾರಿಸಿದರು.

ವೆನಿಲ್ಲಾ ಬೆರೆತ ಸಕ್ಕರೆಯನ್ನು ಬೇಯಿಸಿದ ಮೇಲೆ ಉದುರಿಸಲು ಕಾರಣವೇನು? ಓವನ್ನಿನ ಬಿಸಿಯಲ್ಲಿ ಪರಿಮಳದ ಒಂದು ಪಾಲು ಆವಿಯಾಗಿ ಹೋಗುತ್ತದೆ. ಬಿಸ್ಕತ್ತು ಉಗುರುಬೆಚ್ಚಗಿರುವಾಗ ಮೇಲ್ಮೈಯ ಬೆಣ್ಣೆ ಇನ್ನೂ ತೇವವಾಗಿದ್ದು ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಆದರೆ ಓವನ್ನಿನಿಂದ ತೆಗೆದ ಕೂಡಲೇ ಮುಟ್ಟಬಾರದು. ಆಗ ಜಿಡ್ಡೆಲ್ಲ ದ್ರವವಾಗಿರುವುದರಿಂದ ಕಣಗಳನ್ನು ಹಿಡಿದಿಡುವ ಬಂಧನವಿಲ್ಲ, ಎತ್ತಿದರೆ ಮುರಿಯುತ್ತದೆ. ಕೆಲವು ನಿಮಿಷ ತಟ್ಟೆಯಲ್ಲಿಯೇ ಆರಲು ಬಿಟ್ಟರೆ ಬಿಗಿ ಬರುತ್ತದೆ.

ಪೂರ್ತಿ ಆರಿದ ಮೇಲೆ ಬಿಗಿಯಾದ ಡಬ್ಬಿಯಲ್ಲಿಡಬೇಕು. ನೀರು ಅತ್ಯಲ್ಪವಾದುದರಿಂದ ಬೂಷ್ಟು ಬೆಳೆಯಲಾರದು. ಡಬ್ಬಿ ತೆರೆದಿದ್ದರೆ ಸಕ್ಕರೆ ಗಾಳಿಯ ತೇವವನ್ನು ಹೀರಿ ಬಿಸ್ಕತ್ತು ಮೆತ್ತಗಾಗುವುದು. ಗ್ಲೂಟೆನ್, ಸ್ಫಟಿಕ, ಆಮ್ಲಜನಕ ಎಂಬ ಹೆಸರುಗಳನ್ನೇ ಅರಿಯದ ಎಷ್ಟೋ ತಲೆಮಾರುಗಳ ಗೃಹಿಣಿಯರು ನೋಡಿ, ತಪ್ಪಿ, ತಿದ್ದಿಕೊಂಡು ಈ ನಿಯಮಗಳನ್ನು ಕಂಡುಕೊಂಡರು. ನಿಮ್ಮ ಮನೆಯ ಅಡಿಗೆಯಲ್ಲಿಯೂ ಇಂತಹ ನಿಯಮಗಳು ಹಲವಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ‘ಏಕೆ ಹೀಗೆ?’ ಎಂದು ಪರೀಕ್ಷಿಸಿ ನೋಡಿರಿ.