ಹೃದಯದ ಸ್ನಾಯುವಿಗೂ ವಂಶಾವಳಿ ಇದೆ

ಬೆಳಗಾವಿಯ ಕ್ಯಾಂಪ್‌ನಲ್ಲಿ ಫಜ್ರ್ ನಮಾಝ್ ಮುಗಿಸಿ, ಮರಗಳ ನೆರಳಿನ ರಸ್ತೆಗಳಲ್ಲಿ ಬಿರುಸಾಗಿ ನಡೆಯುವವರನ್ನು ನೀವು ಕಂಡಿರಬಹುದು. ನೀವೂ ಅವರಲ್ಲಿ ಒಬ್ಬರಿರಬಹುದು. ಶುಗರ್, ಬಿಪಿ, ಕೊಲೆಸ್ಟ್ರಾಲ್ ಎಂಬ ಮಾತುಗಳು ಈಗ ಎಲ್ಲರಿಗೂ ಗೊತ್ತು. ಆದರೆ ಸಿಗರೇಟು ಮುಟ್ಟದ, ಮೈಯಲ್ಲಿ ಬೊಜ್ಜಿಲ್ಲದ, ಮೂವತ್ತು ದಾಟದ ಹುಡುಗನೊಬ್ಬ ಕ್ರಿಕೆಟ್ ಆಡುತ್ತಲೇ ಕುಸಿದು ತೀರಿಕೊಂಡರೆ ನಮಗೆ ಮಾತೇ ಹೊರಡುವುದಿಲ್ಲ. "ಹಾರ್ಟ್ ಅಟ್ಯಾಕ್" ಎಂದುಕೊಂಡು ದಫನ ಮಾಡಿ ಬರುತ್ತೇವೆ. ಎರಡು ಮೂರು ದಿನ ಕಳೆದ ಮೇಲೆ ಮನೆಯ ಅಜ್ಜಿ ಮೆಲ್ಲಗೆ ಹೇಳುತ್ತಾರೆ: "ಇವನ ಚಿಕ್ಕಪ್ಪನೂ ಹೀಗೇ ಹೋಗಿದ್ದ."

ಅಜ್ಜಿಯ ಆ ಮಾತನ್ನು ನಾವು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಆದರೆ ವೈದ್ಯಕೀಯವಾಗಿ ಅದು ಬಹಳ ಬೆಲೆಯುಳ್ಳ ಮಾತು. ಅಂತಹ ಮಾತಿನ ಹಿಂದಿರುವ ಕಾರಣವನ್ನೇ ಹುಡುಕುತ್ತಿರುವ ವಿಜ್ಞಾನಿಯೊಬ್ಬರು ನಮ್ಮ ರಾಜ್ಯದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾರೆ.

ಕೊಳವೆಯ ರೋಗ ಬೇರೆ, ಸ್ನಾಯುವಿನ ರೋಗ ಬೇರೆ

ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ಕೊಳವೆ ಕಟ್ಟಿಕೊಳ್ಳುವುದು. ಇದು ಸಾಮಾನ್ಯ. ಆದರೆ ಕೊಳವೆಗಳೆಲ್ಲ ಸ್ವಚ್ಛವಾಗಿದ್ದರೂ ಹೃದಯದ ಸ್ನಾಯುವೇ ಕೆಡಬಹುದು. ಇದಕ್ಕೆ ಕಾರ್ಡಿಯೊಮಯೋಪತಿ ಎನ್ನುತ್ತಾರೆ. ಕೆಲವರಲ್ಲಿ ಹೃದಯದ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಇನ್ನು ಕೆಲವರಲ್ಲಿ ಗೋಡೆ ತೆಳುವಾಗಿ ಹೃದಯ ಹಿಗ್ಗಿ ಸೋಲುತ್ತದೆ. ಗೋಡೆ ದಪ್ಪವಾಗುವ ಕಾಯಿಲೆ ಅಪರೂಪವೇನಲ್ಲ; ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಅಂದಾಜು.

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತದಲ್ಲೂ ಸ್ನಾಯುವಿನೊಳಗೆ ಮಯೋಸಿನ್ ಎಂಬ ಪ್ರೋಟೀನು, ದೋಣಿಯ ಹುಟ್ಟು ಹಾಕಿದಂತೆ, ಪಕ್ಕದ ಎಳೆಯನ್ನು ಹಿಡಿದು ಎಳೆಯುತ್ತದೆ. ಈ ಎಳೆತ ಹದ ತಪ್ಪದಂತೆ ಹಿಡಿದಿಡುವ ಇನ್ನೊಂದು ಪ್ರೋಟೀನಿದೆ, ಅದರ ಹೆಸರು ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ. ಇದನ್ನು ಹೃದಯದ ಬ್ರೇಕ್ ಎಂದುಕೊಳ್ಳಿ. ಈ ಬ್ರೇಕನ್ನು ತಯಾರಿಸುವ ಸೂಚನೆ ನಮ್ಮ ಜೀನ್‌ಗಳಲ್ಲಿ ಬರೆದಿರುತ್ತದೆ. ಸೂಚನೆಯಲ್ಲಿ ತಪ್ಪಿದ್ದರೆ ಬ್ರೇಕೂ ತಪ್ಪಾಗಿ ತಯಾರಾಗುತ್ತದೆ.

ಮದುರೈಯಿಂದ ಬೆಂಗಳೂರಿನವರೆಗೆ

ಡಾ. ಪೆರುಂದುರೈ ದಂಡಪಾಣಿ ಮದುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದಾಗ ಹಿಡಿದ ಪ್ರಶ್ನೆ ಇದೇ: ಭಾರತೀಯರ ಹೃದಯ ಸ್ನಾಯುವಿನ ಕಾಯಿಲೆಗೆ ನಮ್ಮ ರಕ್ತದಲ್ಲೇ ಕಾರಣವಿದೆಯೇ? ಬ್ರೇಕ್ ಪ್ರೋಟೀನಿನ ಜೀನ್‌ನಲ್ಲಿ 25 ಅಕ್ಷರಗಳು ಕಾಣೆಯಾಗಿರುವುದನ್ನು 2003ರಲ್ಲೇ ಭಾರತದ ಎರಡು ಕುಟುಂಬಗಳಲ್ಲಿ ಗುರುತಿಸಲಾಗಿತ್ತು. ಅದು ಆ ಎರಡು ಮನೆಗಳ ಮಾತು ಮಾತ್ರವೇ ಅಥವಾ ಊರ ಮಾತೇ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅವರು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್ ಮತ್ತು ಇತರರೊಡನೆ ಸೇರಿ ಹೃದ್ರೋಗಿಗಳ ಹಾಗೂ ಆರೋಗ್ಯವಂತರ ಡಿಎನ್‌ಎ ಹೋಲಿಸಿದರು. ನಂತರ ದೇಶದ 107 ಸಮುದಾಯಗಳ 6,273 ಜನರನ್ನು ಪರೀಕ್ಷಿಸಿದರು. 2009ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ನಮ್ಮಲ್ಲಿ ಸುಮಾರು 100ಕ್ಕೆ 4 ಜನರಲ್ಲಿ ಈ ಕೊರತೆ ಇತ್ತು! ಪಾಕಿಸ್ತಾನ, ಶ್ರೀಲಂಕಾಗಳಲ್ಲೂ ಕಂಡಿತು. ಇದಕ್ಕೆ ಜಾತಿ, ಧರ್ಮದ ಗಡಿ ಇರಲಿಲ್ಲ.

ಇಂತಹ ಹಾನಿಕರ ಬದಲಾವಣೆ ಸುಮಾರು 30 ಸಾವಿರ ವರ್ಷ ಉಳಿದು ಬಂದದ್ದು ಹೇಗೆ? ಚಿಕ್ಕ ವಯಸ್ಸಿನಲ್ಲಿ ದೇಹ ಕೆಟ್ಟ ಪ್ರೋಟೀನನ್ನು ಒಡೆದು ಹೊರಹಾಕುತ್ತದೆ. ವಯಸ್ಸಾದಂತೆ ಆ ಶಕ್ತಿ ಕುಂದುತ್ತದೆ. ರೋಗ ಕಾಣಿಸಿಕೊಳ್ಳುವ ಹೊತ್ತಿಗೆ ಮಕ್ಕಳು ಹುಟ್ಟಿರುತ್ತಾರೆ, ಬದಲಾವಣೆ ಅವರಿಗೂ ದಾಟಿರುತ್ತದೆ.

ದಂಡಪಾಣಿಯವರು ಬಳಿಕ ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಸಂಸ್ಥೆಯಲ್ಲಿ ದುಡಿದರು. ಮಕ್ಕಳ ಹೃದಯ ಹಿಗ್ಗುವ ಕಾಯಿಲೆಗೆ ಆರ್‌ಎಎಫ್1 ಎಂಬ ಜೀನ್‌ ಕೂಡ ಕಾರಣವಾಗಬಲ್ಲದೆಂದು 2014ರಲ್ಲಿ ಅವರ ತಂಡ ತೋರಿಸಿತು. ಈಗ ಅವರ ಪ್ರಯೋಗಾಲಯ ಇರುವುದು ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ. ಹೃದಯದ ಗೋಡೆ ದಪ್ಪವಾಗಲು ಕಾರಣವಾಗುವ ಮತ್ತೊಂದು ಜೀನ್‌ನ ಕುರಿತು ಅಲ್ಲಿಂದ 2021ರಲ್ಲಿ ವರದಿ ಬಂತು.

ಹೆದರಬೇಡಿ, ಕಥೆ ಅಲ್ಲಿಗೇ ಮುಗಿಯಲಿಲ್ಲ

100ಕ್ಕೆ 4 ಎಂದರೆ ನಾಲ್ಕೂ ಜನ ರೋಗಿಗಳೆಂದಲ್ಲ. ಅಮೆರಿಕದಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾದವರನ್ನು ಪರೀಕ್ಷಿಸಿದ 2018ರ ಅಧ್ಯಯನವೊಂದು ಮೊದಲ ತೀರ್ಮಾನವನ್ನು ತಿದ್ದಿತು. 25 ಅಕ್ಷರಗಳ ಕೊರತೆ ಇರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದೇ ಜೀನ್‌ನಲ್ಲಿ ಇನ್ನೊಂದು ಸಣ್ಣ ಬದಲಾವಣೆಯೂ ಇರುತ್ತದೆ. ಅಪಾಯದ ದೊಡ್ಡ ಪಾಲು ಅಂಥವರದ್ದೇ. ಉಳಿದ ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ಬದುಕಬಹುದು. ವಿಜ್ಞಾನದ ಒಳ್ಳೆಯ ಗುಣವೇ ಇದು, ತನ್ನ ಮಾತನ್ನು ತಾನೇ ಪರೀಕ್ಷಿಸಿ ತಿದ್ದಿಕೊಳ್ಳುತ್ತದೆ. ಆದ್ದರಿಂದ ಎಲ್ಲರೂ ಜೀನ್ ಪರೀಕ್ಷೆಗೆ ಓಡಬೇಕಿಲ್ಲ. ಮನೆಯ ಇತಿಹಾಸ ತಿಳಿದುಕೊಂಡರೆ ಸಾಕು, ಯಾರಿಗೆ ಪರೀಕ್ಷೆ ಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಏನು ಮಾಡಬೇಕು?

1. ಅಜ್ಜಿಯನ್ನು ಕೇಳಿ. ಎರಡೂ ಕಡೆಯ ಬಂಧುಗಳಲ್ಲಿ 50 ವರ್ಷದೊಳಗೆ ಹಠಾತ್ತನೆ ತೀರಿಕೊಂಡವರು, ಹೃದಯ ಹಿಗ್ಗಿದೆ ಅಥವಾ ದಪ್ಪವಾಗಿದೆ ಎಂದು ವೈದ್ಯರು ಹೇಳಿದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಅದನ್ನು ಒಯ್ಯಿರಿ.

2. ಲಕ್ಷಣಗಳನ್ನು ಕಡೆಗಣಿಸಬೇಡಿ. ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗ ತಲೆಸುತ್ತಿ ಬೀಳುವುದು, ಎದೆ ಹಿಡಿಯುವುದು, ಎದೆ ಡವಗುಟ್ಟುವುದು, ಸಣ್ಣ ಕೆಲಸಕ್ಕೂ ಏದುಸಿರು ಬರುವುದು. ಆಟವಾಡುತ್ತ ಎಚ್ಚರ ತಪ್ಪಿದ ಹುಡುಗನಿಗೆ ನೀರು ಚಿಮುಕಿಸಿ "ಬಿಸಿಲಿಗೆ ಹೀಗಾಯಿತು" ಎಂದು ಸುಮ್ಮನಾಗಬೇಡಿ.

3. ಒಬ್ಬರಿಗೆ ಈ ಕಾಯಿಲೆ ಇದೆಯೆಂದಾದರೆ ಅವರ ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು ಎಲ್ಲರೂ ಇಸಿಜಿ ಮತ್ತು ಇಕೋ ಮಾಡಿಸಬೇಕು. ಪ್ರತಿ ಮಗುವಿಗೂ ಬದಲಾವಣೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಇಕೋ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಖಾನಾಪುರದ ಹಳ್ಳಿಯಿಂದ ಬೆಳಗಾವಿಗೆ ಬಂದು ಒಂದೇ ದಿನದಲ್ಲಿ ಮಾಡಿಸಿಕೊಂಡು ಹೋಗಬಹುದು. ಒಮ್ಮೆ ಸರಿ ಇದ್ದರೂ, ವಯಸ್ಸಾದಂತೆ ರೋಗ ಕಾಣಿಸಿಕೊಳ್ಳುವುದರಿಂದ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಮಾಡಿಸಿ.

4. ಸಂಬಂಧದೊಳಗೆ ಮದುವೆ ಗೊತ್ತುಮಾಡುವ ಮುನ್ನ ಯೋಚಿಸಿ. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಿಬ್ಬರಲ್ಲೂ ಒಂದೇ ಬದಲಾವಣೆ ಇದ್ದರೆ, ಮಗುವಿಗೆ ಎರಡೂ ಕಡೆಯಿಂದ ಬರಬಹುದು. ಆಗ ರೋಗ ಹೆಚ್ಚು ತೀವ್ರವಾಗಿರುತ್ತದೆ. "ಹುಡುಗಿಗೆ ಸಂಬಂಧ ಕೂಡಿಬರಲಿಕ್ಕಿಲ್ಲ" ಎಂದು ಕಾಯಿಲೆಯನ್ನು ಮುಚ್ಚಿಡುವುದು ಮುಂದಿನ ಪೀಳಿಗೆಗೆ ಮಾಡುವ ಅನ್ಯಾಯ.

5. ರಮಝಾನ್‌ಗೆ ಒಂದು ತಿಂಗಳ ಮೊದಲೇ ವೈದ್ಯರನ್ನು ಕಾಣಿ. ಹೃದಯದ ಗೋಡೆ ದಪ್ಪವಾಗಿರುವವರಲ್ಲಿ ದೇಹದ ನೀರು ಕಡಿಮೆಯಾದರೆ ರಕ್ತ ಹೊರಹೋಗುವ ದಾರಿ ಮತ್ತಷ್ಟು ಇಕ್ಕಟ್ಟಾಗುತ್ತದೆ. ಉಪವಾಸ ಮಾಡಬಹುದೇ, ಮಾತ್ರೆಯ ಸಮಯ ಬದಲಿಸಬಹುದೇ ಎಂಬುದನ್ನು ಅವರೇ ಹೇಳಲಿ. ರೋಗಿಗೆ ಧರ್ಮ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳಲು ಸಂಕೋಚ ಬೇಡ.

6. ಯಾರಾದರೂ ಕುಸಿದು ಉಸಿರು ನಿಂತರೆ 108ಕ್ಕೆ ಕರೆ ಮಾಡಿಸಿ. ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಲೇ ಇರಿ.

ಕಾಯಿಲೆ ಗೊತ್ತಾದರೆ ದಾರಿಯಿದೆ. ಬಡಿತ ತಗ್ಗಿಸುವ ಮಾತ್ರೆಗಳಿವೆ. ಅಪಾಯ ಹೆಚ್ಚಿರುವವರಿಗೆ ಬಡಿತ ತಪ್ಪಿದಾಗ ಸರಿಪಡಿಸುವ ಪುಟ್ಟ ಯಂತ್ರವನ್ನು ಎದೆಯಲ್ಲಿ ಅಳವಡಿಸುತ್ತಾರೆ. ಮಯೋಸಿನ್‌ನ ಅತಿಯಾದ ಎಳೆತವನ್ನೇ ತಗ್ಗಿಸುವ ಮಾವಾಕಾಮ್ಟೆನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿದೆ. ಸ್ನಾಯು ಹೇಗೆ ಎಳೆಯುತ್ತದೆ ಎಂದು ಹಲವರು ದಶಕಗಳ ಕಾಲ ತಾಳ್ಮೆಯಿಂದ ಹುಡುಕಿದ ಫಲವದು.

ಸಾವು ಬದುಕು ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ತಿಳಿಯುವ ದಾರಿ ಇದ್ದೂ ತಿಳಿಯದೆ ಕೂರುವುದು ತವಕ್ಕುಲ್ ಅಲ್ಲ. ಈ ಶುಕ್ರವಾರ ಊಟದ ನಂತರ ಎಲ್ಲರೂ ಕೂಡಿರುವಾಗ ಅಜ್ಜಿಯ ಪಕ್ಕ ಕುಳಿತು ಕೇಳಿ: "ನಮ್ಮ ಮನೆಯಲ್ಲಿ ಹಾಗೆ ಹೋದವರು ಯಾರು ಯಾರು?" ಅವರ ಉತ್ತರ ನಿಮ್ಮ ಮಗನ ಜೀವ ಉಳಿಸಬಹುದು.