ಬೇಲೂರಿಗೆ ಹೋದ ಹುಣಸೆ

ಅರಸೀಕೆರೆ

ಪ್ರೀತಿಯ ಪುಟ್ಟಿ, ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಜೋರಾಗಿಯೇ ಇದೆ.

ನೀನು ಕಳಿಸಿದ ಫೋಟೊಗಳನ್ನು ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಹುಣಸೆ ಬೋನ್ಸಾಯ್‌ನ ಒಣ ಭಾಗ ಕಪ್ಪಿಟ್ಟಿದೆ, ಬುಡದ ಹತ್ತಿರ ಉಗುರು ಒತ್ತಿದರೆ ಒಳಗೆ ಇಳಿಯುತ್ತೆ, ಗಿಡ ಸಾಯ್ತಿದೆಯಾ ದೊಡ್ಡಪ್ಪ ಅಂತ ಕೇಳಿದ್ದೀಯ. ಗಿಡಕ್ಕೇನೂ ಆಗಿಲ್ಲ ಕಣೇ, ಆ ಚಿಗುರು ನೋಡಿದರೆ ಗೊತ್ತಾಗಲ್ವಾ? ಕೊಳೆಯುತ್ತಿರುವುದು ಮೊದಲೇ ಸತ್ತಿದ್ದ ಭಾಗ. ಹಾಗಂತ ಬಿಡುವ ಹಾಗೂ ಇಲ್ಲ. ಒಂದು ಅಡಿ ಎತ್ತರದ ಮರಕ್ಕೆ ನೂರು ವರ್ಷದ ಕಳೆ ಕೊಡುವುದೇ ಅದು.

ಕಾರಣ ನಿನ್ನ ವರ್ಗಾವಣೆ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರು ಅಂದರೆ ಅರವತ್ತು ಕಿಲೋಮೀಟರ್ ಆಸುಪಾಸು. ಜಿಲ್ಲೆ ಒಂದೇ, ಹವಾ ಬೇರೆ. ಮುಂಗಾರಿನ ಮೋಡ ಘಟ್ಟದಲ್ಲೇ ಬಹುಪಾಲು ಸುರಿದು ನಮ್ಮ ತೆಂಗಿನ ತೋಟಕ್ಕೆ ಬರುವ ಹೊತ್ತಿಗೆ ಬರಿಗೈ ಆಗಿರುತ್ತೆ. ನಿಮ್ಮದು ಮಲೆನಾಡಿನ ಹೊಸ್ತಿಲು. ಆಷಾಢ, ಶ್ರಾವಣದಲ್ಲಿ ದಿನಗಟ್ಟಲೆ ಜಿಟಿಜಿಟಿ, ಒಣಹಾಕಿದ ಬಟ್ಟೆಯೇ ಒಣಗಲ್ಲ. ಕಟ್ಟಿಗೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರುವ ತನಕ ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ಬದುಕಿಲ್ಲ. ನಮ್ಮ ಹಿತ್ತಿಲ ಬಿಸಿಲಿನಲ್ಲಿ ಅದು ತಾನಾಗಿಯೇ ಒಣಗಿರುತ್ತಿತ್ತು. ಅಲ್ಲಿ ಆ ಕೆಲಸ ನೀನು ಮಾಡಬೇಕು.

ಜಪಾನಿನವರು ಒಣಗಿದ ಕೊಂಬೆಗೆ ಜಿನ್ ಅನ್ನುತ್ತಾರೆ, ಕಾಂಡದ ಮೇಲೆ ತೊಗಟೆ ಹೋಗಿ ಬರಿದಾದ ಪಟ್ಟಿಗೆ ಶಾರಿ. ಅವರ ಜೂನಿಪರ್ ಮರ ಬೆಟ್ಟದ ಗಾಳಿ, ಹಿಮಕ್ಕೆ ಸಿಕ್ಕಿ ಬೆಳ್ಳಗಾಗಿ ತಿರುಚಿಕೊಳ್ಳುತ್ತೆ. ಅದರ ಕಟ್ಟಿಗೆ ಗಟ್ಟಿ, ಒಳಗೆ ರಾಳ ಬೇರೆ, ಬೇಗ ಕೊಳೆಯಲ್ಲ. ನಮ್ಮ ಗಿಡಗಳಿಗೆ ಆ ಭಾಗ್ಯವಿಲ್ಲ. ಹುಣಸೆಯಲ್ಲಿ ನಡುವಿನ ಚೇಗು ಕಂದುಬಣ್ಣದ್ದು, ಉಳಿಯನ್ನೇ ಮೊಂಡು ಮಾಡುವಷ್ಟು ಗಟ್ಟಿ. ಸುತ್ತ ಇರುವ ಬಿಳಿ ಕಟ್ಟಿಗೆಗೆ ಮಾತ್ರ ಕುಟ್ಟೆ ಹುಳ ಕಾದೇ ಕೂತಿರುತ್ತೆ. ಕುಂಡದ ಗಿಡದಲ್ಲಿ ಚೇಗು ಕಡ್ಡಿಯಷ್ಟೇ ಇರುವುದು, ಮಿಕ್ಕಿದ್ದೆಲ್ಲ ಬಿಳಿಯೇ. ಆಲ, ಅತ್ತಿ, ಗೋಣಿಯಲ್ಲಂತೂ ಒಣಕೊಂಬೆಯ ಆಸೆ ಬೇಡ. ಒಂದೋ ಕೊಳೆಯುತ್ತೆ, ಇಲ್ಲವೇ ತೊಗಟೆ ಉರುಳಿಕೊಂಡು ಬಂದು ಗಾಯವನ್ನೇ ನುಂಗುತ್ತೆ. ಕಾಗದದ ಹೂವಿನ ಗಿಡದ ಕಾಂಡ ಪದರ ಪದರವಾಗಿ ಬೆಳೆದಿರುತ್ತೆ, ಹಾಗೇ ಪದರ ಪದರವಾಗಿ ಟೊಳ್ಳಾಗುತ್ತೆ. ಅದರ ಟೊಳ್ಳನ್ನು ಟೊಳ್ಳಾಗಿಯೇ ಇಟ್ಟುಕೊಂಡರೆ ಅಂದ.

ಈಗ ನಿನ್ನ ಹುಣಸೆ. ಗಿಡವನ್ನು ನಾಲ್ಕೈದು ದಿನ ಮಳೆ ತಾಗದ ಕಡೆ ಇಡು, ನೀರು ಬುಡಕ್ಕೆ ಮಾತ್ರ ಹಾಕು. ಕಟ್ಟಿಗೆ ಸ್ವಲ್ಪ ಒಣಗಿದ ಮೇಲೆ ಮೆತ್ತಗಾದದ್ದನ್ನೆಲ್ಲ ಮೊಂಡು ಚಾಕುವಿನಲ್ಲಿ ಕೆರೆದು ತೆಗೆ. ಚೂಪು ಚಾಕು ಬೇಡ, ಅದಕ್ಕೆ ಕೊಳೆತದ್ದೂ ಒಂದೇ, ಗಟ್ಟಿಯದ್ದೂ ಒಂದೇ. ಕೆರೆಯುವಾಗ ಮೊದಲು ಸದ್ದೇ ಇರಲ್ಲ, ಕಾಫಿ ಚರಟದ ಹಾಗೆ ಉದುರುತ್ತೆ. ಗಟ್ಟಿ ಸಿಕ್ಕಿದಾಗ ಕರಕರ ಅನ್ನುತ್ತೆ. ಅಲ್ಲಿಗೆ ನಿಲ್ಲಿಸು. ಜೀವ ಇರುವ ತೊಗಟೆಯ ಅಂಚನ್ನು ಮುಟ್ಟಬೇಡ. ಆ ಅಂಚಿನ ಉಬ್ಬು ಮರ ತಾನೇ ಕಟ್ಟಿಕೊಂಡ ಗೋಡೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಮರಗಳನ್ನು ಗರಗಸದಿಂದ ಉದ್ದುದ್ದ ಸೀಳಿ ನೋಡಿ ಹೇಳಿದ್ದು ಇದನ್ನೇ: ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ, ಕೆಟ್ಟ ಭಾಗಕ್ಕೆ ಅಡ್ಡಗೋಡೆ ಎಬ್ಬಿಸಿ ಮರ ಹೊಸದಾಗಿ ಬೆಳೆದುಕೊಳ್ಳುತ್ತೆ. ಕೊಳೆತದ್ದೆಲ್ಲ ಹೋಗಲಿ ಅಂತ ಆಳಕ್ಕೆ ಕೊರೆದೆಯೋ, ಆ ಗೋಡೆಯನ್ನೇ ಒಡೆದ ಹಾಗೆ.

ಕೆರೆದ ಮೇಲೆ ಆಗುವ ಗುಳಿಯಲ್ಲಿ ನೀರು ನಿಲ್ಲಬಾರದು, ಮುಖ್ಯ ಮಾತು ಇದೇ. ಹೊರಗಡೆಗೆ ಇಳಿಜಾರು ಮಾಡು. ಆಗದಿದ್ದರೆ ತಳದಿಂದ ಹೊರಗೆ, ಸತ್ತ ಕಟ್ಟಿಗೆಯಲ್ಲಿ ಮಾತ್ರ, ಸಣ್ಣ ತೂತು ಕೊರೆದು ನೀರಿಗೆ ದಾರಿ ಬಿಡು. ಬುಡದ ಮಣ್ಣನ್ನೂ ಸ್ವಲ್ಪ ಸರಿಸು, ಒಣ ಕಟ್ಟಿಗೆ ಹಸಿ ಮಣ್ಣಿಗೆ ತಾಗುವ ಜಾಗದಲ್ಲೇ ಕೊಳೆ ಶುರುವಾಗುವುದು. ಸಿಮೆಂಟ್ ತುಂಬು ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡ. ದೊಡ್ಡ ಮರಗಳ ಪೊಟರೆಗೂ ಒಂದು ಕಾಲದಲ್ಲಿ ಸಿಮೆಂಟ್ ಜಡಿಯುತ್ತಿದ್ದರು. ಅದರ ಹಿಂದೆ ತೇವ ಕೂತು ಇನ್ನಷ್ಟು ಕೊಳೆಯುತ್ತದೆಂದು ಗೊತ್ತಾಗಿ ಬಿಟ್ಟರು. ನಿನ್ನ ಮನೆಯ ಹತ್ತಿರವೇ ಚೆನ್ನಕೇಶವನ ಗುಡಿ ಇದೆ, ಮಳೆ ಬರುವಾಗ ಹೋಗಿ ನಿಂತು ನೋಡು. ಎಲ್ಲರೂ ಮದನಿಕೆಯರನ್ನು ನೋಡಿ ಬರುತ್ತಾರೆ, ನೀನು ಅವರ ತಲೆಯ ಮೇಲಿನ ಸೂರನ್ನು ನೋಡು. ಇಳಿಜಾರಾಗಿ ಮುಂದಕ್ಕೆ ಚಾಚಿದೆ, ನೀರು ಗೋಡೆಗೆ ಇಳಿಯದೆ ದೂರಕ್ಕೆ ಬೀಳುತ್ತೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಅಷ್ಟು ಸೂಕ್ಷ್ಮ ಕೆತ್ತನೆ ಇಷ್ಟು ಮಳೆಗಾಲ ತಾಳಿದ್ದರಲ್ಲಿ ಆ ಸೂರಿನ ಪಾಲೂ ಇದೆ.

ಇನ್ನು ಒಣ ಕಟ್ಟಿಗೆ ಕೊಳೆಯದಂತೆ ಬಳಿಯುವ ಸುಣ್ಣ ಗಂಧಕದ ದ್ರಾವಣ. ಸಿದ್ಧ ಬಾಟಲಿ ಸಿಕ್ಕರೆ ಅದನ್ನೇ ತಗೋ. ನಾನು ಕಾಯಿಸಿಕೊಳ್ಳುವವನು: 100 ಗ್ರಾಂ ಸುಟ್ಟ ಸುಣ್ಣ, 200 ಗ್ರಾಂ ಗಂಧಕದ ಪುಡಿ, ಒಂದು ಲೀಟರ್ ನೀರು. ಬಯಲಿನಲ್ಲಿ, ಹಳೇ ಸ್ಟೀಲ್ ಪಾತ್ರೆಯಲ್ಲಿ, ಕಡಿಮೆಯಾದ ನೀರನ್ನು ಸೇರಿಸುತ್ತಾ ಒಂದು ಗಂಟೆ ಕುದಿಸಿದರೆ ಕೆಂಪು ಕಂದು ಬಣ್ಣಕ್ಕೆ ಬರುತ್ತೆ. ತಿಳಿಯನ್ನು ಬಸಿದು ಗಾಜಿನ ಬಾಟಲಿಗೆ ಕಂಠದವರೆಗೂ ತುಂಬಿಡಬೇಕು, ಗಾಳಿ ತಾಗಿದರೆ ಸತ್ವ ಹೋಗುತ್ತೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಆಗದು. ಕೊಳೆತ ಮೊಟ್ಟೆಯ ವಾಸನೆ, ನಿನ್ನ ದೊಡ್ಡಮ್ಮ ಅವತ್ತು ನನ್ನ ಜೊತೆ ಮಾತಾಡಲ್ಲ. ಒಂದು ವಿಷಯ ತಮಾಷೆಯಲ್ಲ: ದೀಪ ತೊಳೆಯುವ ಹುಣಸೆ ಹಣ್ಣಿನ ನೀರು, ನಿಂಬೆರಸ, ಯಾವುದೇ ಹುಳಿ ಇದಕ್ಕೆ ಸೇರಕೂಡದು. ಸೇರಿದರೆ ಏಳುವ ಅನಿಲ ವಿಷ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಬಳಿಯುವ ಮುಂಚೆ ಒಣ ಕಟ್ಟಿಗೆಯನ್ನು ಬ್ರಷ್ಷಿನಿಂದ ಉಜ್ಜಿ, ನೀರು ಚಿಮುಕಿಸಿ ಸ್ವಲ್ಪ ತೇವ ಮಾಡು, ಆಗ ದ್ರಾವಣ ಒಳಕ್ಕೆ ಇಳಿಯುತ್ತೆ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸು. ತೊಗಟೆಯ ಮೇಲೆ ಹರಿಯದ ಹಾಗೆ ಸಣ್ಣ ಕುಂಚದಲ್ಲಿ ಬಳಿ. ಮೊದಲು ಅರಿಸಿನ ಬಳಿದ ಹಾಗೆ ಕಾಣುತ್ತೆ, ಬಿಸಿಲಿಗೆ ಬೆಳ್ಳಗಾಗುತ್ತಾ ಬರುತ್ತೆ. ಉಳಿಯುವ ನುಣ್ಣನೆಯ ಗಂಧಕವೇ ಶಿಲೀಂಧ್ರಕ್ಕೆ ಶತ್ರು. ಬಳಿದ ಮೇಲೆ ಎರಡು ಮೂರು ದಿನ ಮಳೆ ಇರಬಾರದು. ಅದಕ್ಕೇ ನಿನಗೆ ದೀಪಾವಳಿ ಕಳೆದ ಮೇಲೊಮ್ಮೆ, ಮಳೆಗಾಲಕ್ಕೆ ಮುಂಚೆ ಯುಗಾದಿ ಹೊತ್ತಿಗೊಮ್ಮೆ ಸರಿ. ಬೋರ್ಡೋ ದ್ರಾವಣ ಹೊಡೀರಿ ಅಂತ ಕಾಫಿ ತೋಟದವರು ಹೇಳಿಯಾರು. ಅದು ಎಲೆ, ಕಾಯಿಯ ರೋಗಕ್ಕೆ. ಹಿಂದೆ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಮೈಸೂರು ಸೀಮೆಯ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದರು. ಒಣ ಕಟ್ಟಿಗೆಗೆ ಬಳಿದರೆ ನೀಲಿ ಕಲೆ ಉಳಿಯುತ್ತೆ, ಅಷ್ಟೇ.

ಬಿಳಿ ಬಣ್ಣದ ಬಗ್ಗೆ ನನ್ನದೊಂದು ತಕರಾರಿದೆ. ಹಿಮದ ನಾಡಿನ ಮರಕ್ಕೆ ಹಾಲು ಬಿಳುಪು ಒಪ್ಪುತ್ತೆ. ನಮ್ಮ ಹುಣಸೆ ಸಾಯುವ ರೀತಿಯೇ ಬೇರೆ. ಮೇಕೆಗೆ ಅಂತ ಸೊಪ್ಪು ಕಡಿಯುತ್ತಾರೆ, ಸೌದೆಗೆ ಕೊಂಬೆ ಮುರಿಯುತ್ತಾರೆ, ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಇಡುತ್ತಾರೆ. ಮೋಟು ಕೊಂಬೆ, ಬೂದು ಬಣ್ಣ, ಅಲ್ಲಲ್ಲಿ ಮಸಿ, ಒಂದು ಪೊಟರೆ. ಜಾವಗಲ್ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಸಾಕು. ಅದಕ್ಕೆ ನಾನು ದ್ರಾವಣಕ್ಕೆ ಚಿಟಿಕೆ ಕರಟದ ಇದ್ದಿಲ ಪುಡಿ ಬೆರೆಸುತ್ತೇನೆ. ಕೊಬ್ಬರಿ ಊರಿನಲ್ಲಿ ಕರಟಕ್ಕೇನು ಬರ!

ಎಡಗಡೆ ಕೊಂಬೆಯನ್ನೂ ಒಣಕೊಂಬೆ ಮಾಡಲಾ ಅಂತ ಕೇಳಿದ್ದೀಯ. ಮಾಡು, ಈ ವರ್ಷ ಬೇಡ. ಗಿಡ ಚಿಗುರಿನ ಭರದಲ್ಲಿರುವಾಗ ತೊಗಟೆ ಸಲೀಸಾಗಿ ಬಿಡುತ್ತೆ. ಬುಡದಲ್ಲಿ ಚಾಕುವಿನಿಂದ ಸುತ್ತ ಗೀರಿ, ಇಕ್ಕಳದಲ್ಲಿ ಅಮುಕಿ ಸುಲಿ. ತುದಿಯನ್ನು ಕತ್ತರಿಸಬೇಡ, ಇಕ್ಕಳದಲ್ಲಿ ಹಿಡಿದು ನಾರು ನಾರಾಗಿ ಸೀಳಿ ಎಳೆ. ಗರಗಸದ ಗುರುತು ಕಂಡರೆ ಮುಗಿಯಿತು, ಬಡಗಿಯ ಕೆಲಸವಾಗುತ್ತೆ. ಕಾಂಡದ ಶಾರಿಯನ್ನು ಮಾತ್ರ ಒಂದೇ ಸಲಕ್ಕೆ ಅಗಲ ಮಾಡಬೇಡ, ವರ್ಷಕ್ಕಿಷ್ಟು ಅಂತ ಮಾಡು. ಕೆಳಗಿನ ಬೇರಿನಿಂದ ಮೇಲಿನ ಕೊಂಬೆಗೆ ತೊಗಟೆಯ ದಾರಿ ಎಲ್ಲೂ ತುಂಡಾಗಬಾರದು.

ಹಳೇಬೀಡಿನ ಗುಡಿ ಗೋಡೆಯ ಅರಳಿ ಸಸಿ ಚೆನ್ನಾಗಿದೆ ಅಂದಿದ್ದೆಯಲ್ಲ, ಅದರ ಮೇಲೆ ಕಣ್ಣು ಹಾಕಬೇಡ. ಅದು ಸಂರಕ್ಷಿತ ಸ್ಮಾರಕ, ಬೇರು ಕೀಳಲು ಹೋದರೆ ಕಲ್ಲೂ ಸಡಿಲವಾಗುತ್ತೆ. ಕಾಡಿನಿಂದ ಕೀಳುವುದೂ ತಪ್ಪು. ಇಲ್ಲಿ ನಮ್ಮ ಪಕ್ಕದ ಹೊಲದವರು ಜೆಸಿಬಿ ತರಿಸಿ ಬದು ಸರಿಮಾಡಿಸುತ್ತಾರಂತೆ, ಬೇಲಿಯಲ್ಲಿ ಒಂದು ಮೋಟು ಬೇಲದ ಗಿಡ ಇದೆ, ಬಿಡಿಸಿಕೊಳ್ಳುತ್ತೇನೆ ಅಂತ ಕೇಳಿಟ್ಟಿದ್ದೇನೆ. ಮುಂದಿನ ಭಾನುವಾರ ಬಿಡುವಿದ್ದರೆ ಬಾ. ಬರುವಾಗ ದ್ರಾವಣಕ್ಕೆ ಒಂದು ಖಾಲಿ ಗಾಜಿನ ಬಾಟಲಿ ತಾ, ಪ್ಲಾಸ್ಟಿಕ್ ಮುಚ್ಚಳದ್ದಾಗಿರಲಿ.

ಇತಿ ನಿನ್ನ
ದೊಡ್ಡಪ್ಪ