ವಿದೇಶದಲ್ಲಿ ಆರೋಗ್ಯ ಸೇವೆ: ವಿಮಾನ ಹತ್ತುವ ಮುನ್ನ

ದಕ್ಷಿಣ ಸುಡಾನ್, ಕಾಂಗೋ, ಯೆಮೆನ್‌ನಂಥ ದೇಶಗಳ ಆರೋಗ್ಯ ಯೋಜನೆಗಳಲ್ಲಿ ಕೆಲಸ ಮಾಡಬೇಕೆಂಬ ಆಸೆ ನಮ್ಮ ಎಷ್ಟೋ ವೈದ್ಯರಿಗೆ, ನರ್ಸ್‌ಗಳಿಗೆ ಇದೆ. ಎಲ್ಲಿಂದ ಶುರು ಮಾಡಬೇಕೆಂಬುದೇ ಪ್ರಶ್ನೆ. ಹದಿನೈದು ದಿನದ ಉಚಿತ ಶಿಬಿರಕ್ಕೂ ವರ್ಷಗಟ್ಟಲೆ ನಡೆಯುವ ಯೋಜನೆಗೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಗುತ್ತಿಗೆ ಇರುತ್ತದೆ, ಮೇಲಧಿಕಾರಿ ಇರುತ್ತಾರೆ, ರಾತ್ರಿ ಡ್ಯೂಟಿಯೂ ಇರುತ್ತದೆ. ಹೆಸರು ಸ್ವಯಂಸೇವೆ ಆದರೂ ಅದು ಪೂರ್ಣಾವಧಿ ಕೆಲಸವೇ. ಆರು ತಿಂಗಳು ಮೊದಲೇ ತಯಾರಿ ಶುರು ಮಾಡುವುದು ಒಳ್ಳೆಯದು.

1. ಸಂಸ್ಥೆಯನ್ನು ಅಳೆದು ನೋಡಿ

1971ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಭಾರತದಿಂದಲೂ ವೈದ್ಯರು, ನರ್ಸ್‌ಗಳನ್ನು ಆಯ್ಕೆ ಮಾಡುತ್ತದೆ. ಲೆಕ್ಕಪತ್ರ, ನೀರು ಪೂರೈಕೆ, ಸಾಮಗ್ರಿ ಸಾಗಣೆ ಬಲ್ಲವರಿಗೂ ಅಲ್ಲಿ ಅವಕಾಶವಿದೆ. ಸಾಮಾನ್ಯವಾಗಿ ಎರಡು ವರ್ಷದ ವೃತ್ತಿ ಅನುಭವ ಕೇಳುತ್ತಾರೆ. ಮೊದಲ ನಿಯೋಜನೆ ಒಂಬತ್ತರಿಂದ ಹನ್ನೆರಡು ತಿಂಗಳಿರುತ್ತದೆ. ಶಸ್ತ್ರಚಿಕಿತ್ಸಕರಿಗೆ, ಅರಿವಳಿಕೆ ತಜ್ಞರಿಗೆ ಅವಧಿ ಕಡಿಮೆ. ಇನ್ನೊಂದು ದಾರಿ, ಜರ್ಮನಿಯ ಬಾನ್‌ನಲ್ಲಿ ಕೇಂದ್ರ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ.

ಇಂಥ ಸಂಸ್ಥೆಗಳು ಪ್ರಯಾಣ, ವಸತಿ, ವಿಮೆ ನೋಡಿಕೊಂಡು ತಿಂಗಳಿಗೆ ಒಂದು ಮೊತ್ತವನ್ನೂ ಕೊಡುತ್ತವೆ. ಅರ್ಜಿ ಶುಲ್ಕ ಕೇಳುವುದಿಲ್ಲ. 'ವೀಸಾ ಖರ್ಚಿಗೆ ಮುಂಗಡ ಕಳಿಸಿ' ಎಂಬ ಸಂದೇಶ ಬಂದರೆ ಅದು ಮೋಸವೆಂದೇ ತಿಳಿಯಿರಿ. ದುಡ್ಡು ಕಟ್ಟಿಸಿಕೊಂಡು, ಓದು ಮುಗಿಸದ ವಿದ್ಯಾರ್ಥಿಗಳ ಕೈಗೆ ಹೊಲಿಗೆ ಸೂಜಿ ಕೊಡುವ ಕಾರ್ಯಕ್ರಮಗಳಿಂದಲೂ ದೂರವಿರಿ. ಇಲ್ಲಿ ಮಾಡಲು ಅರ್ಹತೆ ಇಲ್ಲದ ಕೆಲಸಕ್ಕೆ ಅಲ್ಲಿಯೂ ಅರ್ಹತೆ ಇಲ್ಲ.

2. ಕಾಗದಪತ್ರ ಜೋಡಿಸಿ

ಪಾಸ್‌ಪೋರ್ಟ್ ಅವಧಿ ನಿಯೋಜನೆ ಮುಗಿದ ಮೇಲೂ ಕನಿಷ್ಠ ಆರು ತಿಂಗಳು ಉಳಿದಿರಲಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಅರ್ಜಿ ಹಾಕಬಹುದು. ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ರಾಜ್ಯ ಶುಶ್ರೂಷಾ ಪರಿಷತ್ತಿನಿಂದ 'ಗುಡ್ ಸ್ಟ್ಯಾಂಡಿಂಗ್' ಪತ್ರ ಪಡೆಯಿರಿ. ಪದವಿ ಪತ್ರಕ್ಕೆ ಅಪೊಸ್ಟಿಲ್ ಬೇಕೇ ಎಂದು ಸಂಸ್ಥೆಯನ್ನು ಕೇಳಿ. ಬೇಕಿದ್ದರೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಮತ್ತು ರಜೆ ಮಂಜೂರಾತಿಯನ್ನು ಲಿಖಿತವಾಗಿ ಪಡೆಯದೆ ಟಿಕೆಟ್ ಮಾಡಿಸಬಾರದು.

3. ಲಸಿಕೆಗೆ ಸಮಯ ಬಿಡಿ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಹಿಂದೆಯೇ ಹಾಕಿಸಿಕೊಂಡಿದ್ದರೆ ದಾಖಲೆ ಹುಡುಕಿಡಿ. ಹೋಗುವ ಜಾಗ ನೋಡಿಕೊಂಡು ಟೈಫಾಯಿಡ್, ಧನುರ್ವಾಯು, ಮೆನಿಂಜೈಟಿಸ್, ರೇಬಿಸ್ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ.

ಆಫ್ರಿಕಾದ ಬಹುಪಾಲು ಯೋಜನೆಗಳಿಗೆ ಹಳದಿ ಜ್ವರದ ಲಸಿಕೆ ಬೇಕಾಗುತ್ತದೆ. ಅದು ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆಯ 10 ದಿನಗಳ ನಂತರ. 2016ರ ಜುಲೈನಿಂದ ಅದಕ್ಕೆ ಜೀವನಪರ್ಯಂತ ಮಾನ್ಯತೆ. ಆ ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ಹಳದಿ ಜ್ವರವಿರುವ ದೇಶದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

4. ಮಲೇರಿಯಾ ಮಾತ್ರೆ ಬಿಡಬೇಡಿ

ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರು ಮಾಡಿ, ದಿನವೂ ತೆಗೆದುಕೊಂಡು, ಅಲ್ಲಿಂದ ಹೊರಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಅದನ್ನು ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ವಾರಕ್ಕೊಮ್ಮೆಯ ಮೆಫ್ಲೋಕ್ವಿನ್ ಖಿನ್ನತೆ, ಆತಂಕದ ಹಿನ್ನೆಲೆ ಇರುವವರಿಗೆ ಆಗದು. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ವೈದ್ಯರೇ ಹೇಳಲಿ. ಮಾತ್ರೆ ನುಂಗುತ್ತೇವೆಂದು ಸೊಳ್ಳೆ ಪರದೆ ಬಿಡುವಂತಿಲ್ಲ.

ಸಣ್ಣದೊಂದು ಸಂಗತಿ: ಆಫ್ರಿಕಾದ ಹಲವೆಡೆ ಟುಂಬು ಎಂಬ ನೊಣವಿದೆ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯಲ್ಲಿ ಅದು ಮೊಟ್ಟೆಯಿಡುತ್ತದೆ. ಮರಿಹುಳು ಚರ್ಮದೊಳಗೆ ಹೊಕ್ಕು ಕುರುವಿನಂತೆ ಊದುತ್ತದೆ. ಒಳಬಟ್ಟೆಯನ್ನೂ ಸೇರಿಸಿ ಎಲ್ಲಕ್ಕೂ ಒಂದು ಹೊಲಿಗೆಯನ್ನೂ ಬಿಡದಂತೆ ಬಿಸಿ ಇಸ್ತ್ರಿ ಹಾಕಿದರೆ ಮೊಟ್ಟೆ ಸಾಯುತ್ತದೆ.

5. ಕೈಗೆ ಅಭ್ಯಾಸ, ನಾಲಿಗೆಗೆ ಭಾಷೆ

ಅಲ್ಲಿ ಸಿಟಿ ಸ್ಕ್ಯಾನ್ ಇರಲಿಕ್ಕಿಲ್ಲ, ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮೇಲ್ತೋಳಿಗೆ ಅದನ್ನು ಸುತ್ತಿದಾಗ ಅಳತೆ 115 ಮಿ.ಮೀ.ಗಿಂತ ಕಡಿಮೆ ಬಂದರೆ, ಅಂದರೆ ಕೆಂಪು ಭಾಗದಲ್ಲಿ ನಿಂತರೆ, ತೀವ್ರ ಅಪೌಷ್ಟಿಕತೆ. ನಮ್ಮ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲೂ ಇದೇ ಪಟ್ಟಿ ಬಳಸುತ್ತಾರೆ. ಈ ಕೇಂದ್ರಗಳಲ್ಲಿ ಕೆಲವು ದಿನ ಕಲಿತು ಹೋಗಿ. ಫ್ರೆಂಚ್ ಅಥವಾ ಅರೇಬಿಕ್ ಅಲ್ಪಸ್ವಲ್ಪ ಬಂದರೂ ಆಯ್ಕೆಯ ಅವಕಾಶ ಹೆಚ್ಚುತ್ತದೆ. ವಾರ್ಡ್‌ನ ಬಹುಪಾಲು ಕೆಲಸ ಸ್ಥಳೀಯ ಸಿಬ್ಬಂದಿಯದೇ. ಅವರಿಂದ ಕಲಿಯುವುದು, ಅವರಿಗೆ ಕಲಿಸುವುದು ನಿಮ್ಮ ಡ್ಯೂಟಿಯ ದೊಡ್ಡ ಭಾಗ.

6. ಮನೆ ಕಡೆ ನೋಡಿ

ಮೊದಲ ನಿಯೋಜನೆಗೆ ಕುಟುಂಬವನ್ನು ಕರೆದೊಯ್ಯಲು ಸಾಮಾನ್ಯವಾಗಿ ಆಗುವುದಿಲ್ಲ. ಸಾಲದ ಕಂತು, ಅಪ್ಪ ಅಮ್ಮನ ಔಷಧಿ, ಮಕ್ಕಳ ಫೀಸು ಯಾರು ನೋಡಿಕೊಳ್ಳುತ್ತಾರೆಂದು ಬರೆದಿಡಿ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರೆಯೇ ನೋಡಿ. ವಿಮೆ ಅಪಾಯದ ಪ್ರದೇಶಕ್ಕೂ, ತುರ್ತು ಸ್ಥಳಾಂತರಕ್ಕೂ ಅನ್ವಯಿಸುತ್ತದೆಯೇ ಎಂದು ಓದಿ ಸಹಿ ಹಾಕಿ. ತಲುಪಿದ ಕೂಡಲೇ ಭಾರತೀಯ ರಾಯಭಾರ ಕಚೇರಿಗೆ ನಿಮ್ಮ ವಿಳಾಸ ತಿಳಿಸಿ.

7. ಮರಳಿದ ಮೇಲೆ

ಮರಳಿದ ನಂತರದ ತಿಂಗಳುಗಳಲ್ಲಿ ಯಾವುದೇ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಎಲ್ಲಿಂದ ಬಂದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ನಿದ್ದೆ ಬಾರದೆ, ಮಾತು ಬೇಡವೆನಿಸಿದರೆ ಆಪ್ತಸಲಹೆ ಪಡೆಯಿರಿ. ಹಲವು ಸಂಸ್ಥೆಗಳಲ್ಲಿ ಅದಕ್ಕೆ ವ್ಯವಸ್ಥೆಯಿದೆ.

ಅನುಭವ ಸಾಲದವರು ಅವಸರಪಡಬೇಕಿಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ ಸಂಸ್ಥೆಗಳು ನಮ್ಮಲ್ಲೇ ಇವೆ. ತಾಲ್ಲೂಕು ಆಸ್ಪತ್ರೆಗಳೂ ಇವೆ. ಕಡಿಮೆ ಸಲಕರಣೆಯಲ್ಲಿ ಒಂದೆರಡು ವರ್ಷ ಇಲ್ಲಿ ದುಡಿದು ನೋಡಿ, ಆಮೇಲೆ ಅರ್ಜಿ ಹಾಕಿ.